ಒಣ ಮರಳಿನವರೆಗೆ ಗೋಪಮ್ಮನ ಕೈ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ದೇವದುರ್ಗ ತಾಲ್ಲೂಕಿನ ಹಳ್ಳವೊಂದರಲ್ಲಿ ಗೋಪಮ್ಮ ಮಂಡಿಯೂರಿ ಕುಡಿಯುವ ನೀರಿಗಾಗಿ ಮರಳಿನಲ್ಲಿ ವರತಿ ತೋಡುತ್ತಿದ್ದಾಳೆ. ಮರಳು ಬಾಚಿ ಬಾಚಿ ಗುಂಡಿ ಸೊಂಟದಾಳಕ್ಕೆ ಇಳಿದಿದೆ. ಮರಳು ತೇವವಾದದ್ದೇ ತಡ, ದಂಡೆಯ ಮೇಲೆ ಕೊಡ ಹಿಡಿದು ಕುಂತ ಹೆಂಗಸರು ಕೂಗುತ್ತಾರೆ: "ಹಸಿ ಆತು, ಏಳ ಬೇ!"

ಏಳಲೇಬೇಕು. ನೀರು ಜಿನುಗಿದ ಮೇಲೆ ವರತಿ ಊರಿನವರದು. ಊರಾಚೆಯ ದಲಿತ ಕೇರಿಯ ಗೋಪಮ್ಮ ಮುಟ್ಟುವಂತಿಲ್ಲ. "ಮರಳು ಒಣಗಿರೋತನಕ ನನ್ನ ಕೈ ನಡೀತದ್ರಿ. ಹಸಿ ಆದ್ರ ಮೈಲಿಗಿ," ಎಂದು ರಾಯಚೂರಿನಿಂದ ಬಂದ ಪತ್ರಿಕೆಯವರಿಗೆ ಹೇಳುತ್ತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ. ಇದು ೧೯೮೨ರ ಬೇಸಿಗೆ. ಅಸ್ಪೃಶ್ಯತೆ ನಿಷೇಧದ ಕಾನೂನು ಈ ಹಳ್ಳದವರೆಗೆ ಇನ್ನೂ ನಡೆದು ಬಂದಿಲ್ಲ.

ಹಳ್ಳವೇನು ದೊಡ್ಡದಲ್ಲ. ಮಸರಕಲ್ ಕಡೆಯ ಕಲ್ಲುಗುಡ್ಡದಲ್ಲಿ ಹುಟ್ಟಿ, ಎರೆಹೊಲಗಳ ನಡುವೆ ಹಾದು ಕೃಷ್ಣೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಬಸ್ಸನ್ನೇ ತಡೆಯುತ್ತದೆ, ಬೇಸಿಗೆಗೆ ಮರಳಿನಡಿ ಅಡಗುತ್ತದೆ. ಊರಿನ ಪಕ್ಕ ತಳದಲ್ಲಿ ಬಂಡೆಯಿದೆ, ಸಿಹಿನೀರು ನಿಲ್ಲುತ್ತದೆ. ಕೆಳಗಿನ ತಿರುವಿನಲ್ಲಿ ಬರೀ ಸವಳು. ಆ ನೀರಿಗೆ ಬೇಳೆಯೂ ಬೇಯುವುದಿಲ್ಲ. ಕೇರಿಗೆ ಬಿಟ್ಟಿರುವುದು ಆ ತಿರುವನ್ನೇ, ಎಂಥ ಉದಾರಿಗಳು!

ಅತ್ತೆ ಸತ್ತಾಗಿನಿಂದ ತೋಡುವ ಕೆಲಸ ಗೋಪಮ್ಮನ ಪಾಲಿಗೆ ಬಂದಿದೆ. ಗಾಳಿಗೆ ಮರಳು ಕುಸಿದು ಗುಂಡಿ ಮುಚ್ಚುತ್ತದೆ, ಬೆಳಗಾದರೆ ಮತ್ತೆ ಶುರು. ಸುಗ್ಗಿಯಲ್ಲಿ ಒಂದು ಮೊರ ಜೋಳ ಸಿಗುತ್ತದೆ. ಈಗ ಮಂಡಿ ಸವೆದಿದೆ, ಉಗುರು ಉಳಿದಿಲ್ಲ.

"ಮುಂದಿನ ಬ್ಯಾಸಗಿಗೆ ಮಗಳನ್ನ ಕಳಸು," ಎನ್ನುತ್ತಾನೆ ದಂಡೆಯ ಮೇಲಿಂದ ಊರ ಗೌಡ ವೆಂಕಣ್ಣ, ದೊಡ್ಡ ಉಪಕಾರ ಮಾಡುವವನ ದನಿಯಲ್ಲಿ. ಮಗಳು ಸುಂಕಮ್ಮ ದೇವದುರ್ಗದಲ್ಲಿ ಆರನೇ ತರಗತಿ ಓದುತ್ತಿದ್ದಾಳೆ. ಗೋಪಮ್ಮ ಸೆರಗಿನ ಮರಳು ಕೊಡವುತ್ತಾಳೆ. ಒಲ್ಲೆ ಅಂದರೆ ಜೋಳವೂ ಹೋಯಿತು, ಗೌಡನ ಹೊಲದ ಕೂಲಿಯೂ ಹೋಯಿತು.

ಅಷ್ಟರಲ್ಲಿ ಗುಂಡಿಯಲ್ಲಿ ತಿಳಿನೀರು ತುಂಬಿದೆ. ಹೆಂಗಸರು ತುಂಬಿ ಕೊಡುವ ಮೊದಲ ತಂಬಿಗೆ ಪತ್ರಿಕೆಯವರಿಗೆ. ಬೇಡ ಎನ್ನಲು ಅವರಿಗೂ ಬಾಯಿ ಬರುವುದಿಲ್ಲ, ಗಟಗಟ ಕುಡಿಯುತ್ತಾರೆ. ದೂರ ನಿಂತ ಗೋಪಮ್ಮ ಅವರ ಗಂಟಲನ್ನೇ ನೋಡುತ್ತಾಳೆ.

"ಸಿಹಿ ಅದೇನ್ರಿ?"

"ಹೌದವ್ವಾ, ಸಿಹಿ ಅದ."

"ಇಷ್ಟ ವರ್ಷ ತೋಡೀನಿ, ಇವತ್ತ ಗೊತ್ತಾತು ನೋಡ್ರಿ."

ಆಮೇಲೆ ದಂಡೆಯ ಕಡೆ ತಿರುಗುತ್ತಾಳೆ. ದನಿ ಏರುವುದಿಲ್ಲ, ತಲೆ ಮಾತ್ರ ತಗ್ಗುವುದಿಲ್ಲ.

"ಗೌಡ್ರ, ನಮ್ಮ ಸುಂಕಿ ಬರಂಗಿಲ್ರಿ. ಇದು ನನ್ನ ಕೂಡನ ಮುಗೀಲಿ."