ಹುಳುಮನೆಯ ಪಕ್ಕಕ್ಕೆ ಬಂದ ವರಲಕ್ಷ್ಮಿ

ವರಲಕ್ಷ್ಮಿ ಮೊದಲ ಸಲ ಚಿಕ್ಕವೆಂಕಟಮ್ಮನ ಗೇಟಿನ ಮುಂದೆ ಬಂದು ನಿಂತ ದಿನ ಹುಳುಗಳು ಜ್ವರಕ್ಕೆ ಕೂತಿದ್ದವು. ರೇಷ್ಮೆಹುಳು ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಪೊರೆ ಕಳಚಲು ಅಲ್ಲಾಡದೆ ಕೂರುವ ಹೊತ್ತಿಗೆ ಶಿಡ್ಲಘಟ್ಟದ ಕಡೆ ಜ್ವರ ಎನ್ನುತ್ತಾರೆ. ಆಗ ಹುಳುಮನೆಯ ಹತ್ತಿರ ಹೊಗೆ ಆಗದು, ಘಾಟು ಆಗದು, ಊದುಬತ್ತಿಯೂ ಆಗದು. ಅಂಥ ದಿನಗಳಲ್ಲಿ ಚಿಕ್ಕವೆಂಕಟಮ್ಮ ತನ್ನ ಸಾರಿಗೂ ಒಗ್ಗರಣೆ ಹಾಕುತ್ತಿರಲಿಲ್ಲ.

ಬಂದವಳ ಮುಖ ಕಾಣುವ ಮೊದಲೇ ವಾಸನೆ ಬಂತು. ಗೂಡು ಬೇಯಿಸಿದ ನೀರಿನ ವಾಸನೆ, ಸತ್ತ ಹುಳುವಿನ ವಾಸನೆ. ಚಿಕ್ಕವೆಂಕಟಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ನೂಲು ಬಿಚ್ಚೋ ಕೆಲಸ್ದೋಳೇನಮ್ಮಾ?"

"ಹೂಂ ಅಕ್ಕಾ. ಬಾಡಿಗೆಗೆ ಒಂದು ರೂಮು ಐತೆ ಅಂದ್ರು."

"ಅಲ್ಲೇ ನಿಂತ್ಕ. ಗೇಟು ಮುಟ್ಟಬ್ಯಾಡ."

ಅದು ಕೊಬ್ಬಿನ ಮಾತಲ್ಲ. ನೂಲು ಬಿಚ್ಚುವ ಕಡೆ ಗೂಡಿನೊಳಗಿಂದ ಊಜಿ ನೊಣ ಏಳುತ್ತದೆ. ಆ ನೊಣ ಒಂದು ಹುಳುಮನೆಯೊಳಗೆ ಹೊಕ್ಕರೆ ಹುಳುಗಳ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ತಿಂದುಹಾಕುತ್ತದೆ. ಅದಕ್ಕೇ ಹುಳು ಸಾಕುವವರು ನೂಲು ಬಿಚ್ಚುವವರನ್ನು ಬಾಗಿಲಿಗೆ ಸೇರಿಸುವುದಿಲ್ಲ. ಇಬ್ಬರೂ ಒಂದೇ ರೇಷ್ಮೆಯಲ್ಲಿ ಅನ್ನ ತಿನ್ನುವವರು. ಆದರೂ ಅವರ ಹೊಸಿಲು ಬೇರೆ, ಇವರ ಹೊಸಿಲು ಬೇರೆ. ಚಿಕ್ಕವೆಂಕಟಮ್ಮ ರೂಮಿಲ್ಲ ಎಂದಳು. ಹೆಂಗಸು ಹೊರಟುಹೋದಳು.

ಸಂಜೆಗೆ ಮತ್ತೆ ಬಂದಳು. ತಲೆಗೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಬೇರೆ ಸೀರೆ ಉಟ್ಟಿದ್ದಳು.

"ಇನ್ನೂ ರೂಮು ಕೇಳ್ತೀಯಲ್ಲೇ?"

"ರೂಮು ಸಿಕ್ತು ಅಕ್ಕಾ, ಹಿಟ್ಟಿನ ಗಿರಣಿ ಹಿಂದೆ. ಮೆಣಸಿನಕಾಯಿ ಘಾಟು ಕುಡಿದೂ ಕುಡಿದೂ ಗಿರಣಿಯವ್ರಿಗೆ ಮೂಗೇ ಸತ್ತೋಗಿದೆ, ನನ್ನ ವಾಸನೆ ತಟ್ಟಲಿಲ್ಲ. ಬೆಳಿಗ್ಗೆ ಬಾಯಾರಿಕೆ ಆಗಿತ್ತು, ನೀರು ಕೇಳಾಣ ಅಂದ್ಕಂಡಿದ್ದೆ. ನೀವು ಗದರಿದ್ರಲ್ಲ, ಆಗ ಕೇಳಕ್ಕಾಗ್ಲಿಲ್ಲ. ಈಗ ಮಿಂದು ಬಂದಿದ್ದೀನಿ. ಒಂದು ಲೋಟ ಕೊಡ್ತೀರಾ?"

ಚಿಕ್ಕವೆಂಕಟಮ್ಮನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ನೀರಿನ ಜತೆಗೆ ಬೆಲ್ಲವನ್ನೂ ಕೊಟ್ಟಳು.

ವರಲಕ್ಷ್ಮಿ ಪೆರೇಸಂದ್ರದ ಆಚೆಯ ಹಳ್ಳಿಯವಳು. ಗಂಡ ತೀರಿಕೊಂಡ ಮೇಲೆ ಮಗಳು ಚೈತನ್ಯಳನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ ಬಂದಿದ್ದಳು. ದಿನವಿಡೀ ಬಿಸಿನೀರಿನಲ್ಲಿ ಗೂಡು ಆಡಿಸಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿ, ಗೆರೆಗಳೇ ಅಳಿಸಿಹೋಗಿದ್ದವು. ರಜೆ ಇದ್ದ ದಿನ ಮಿಂದು, ಮಡಿ ಉಟ್ಟು ಚಿಕ್ಕವೆಂಕಟಮ್ಮನ ಮನೆಗೆ ಸೊಪ್ಪು ಹೆಚ್ಚಲು ಬರುತ್ತಿದ್ದಳು. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗು.

ಹೀಗಿರುವಾಗ ಪಕ್ಕದ ಹಿಪ್ಪುನೇರಳೆ ತೋಟದ ಸುದ್ದಿ ಎದ್ದಿತು.

ತೋಟ ಚೆನ್ನರಾಯಪ್ಪನದು. ಚಿಕ್ಕವೆಂಕಟಮ್ಮನ ಹುಳುಮನೆಯ ಪಡುವಣ ಗೋಡೆಗೆ ಅಂಟಿಕೊಂಡಂತೆ ಇತ್ತು. ಚಿಂತಾಮಣಿಯ ಬಿಲ್ಡರೊಬ್ಬರ ಜತೆ ಸೇರಿ ಅಲ್ಲಿ ಅಪಾರ್ಟ್‌ಮೆಂಟು ಎಬ್ಬಿಸುತ್ತೇನೆಂದು ಚೆನ್ನರಾಯಪ್ಪ ಹೊರಟ. ಆದರೆ ಊರಿನ ನಕ್ಷೆಯಲ್ಲಿ ಆ ಜಾಗ ಹಸಿರು ವಲಯ. ಅದನ್ನು ವಸತಿ ವಲಯ ಮಾಡದೆ ಒಂದು ಕಲ್ಲನ್ನೂ ಇಡುವಂತಿಲ್ಲ. ವಲಯ ಬದಲಿಸಲು ಯಾರದಾದರೂ ತಕರಾರಿದ್ದರೆ ಹೇಳಿ ಎಂದು ಯೋಜನಾ ಪ್ರಾಧಿಕಾರದವರು ಸಾರಿದರು.

ತಕರಾರಿಗೇನು ಬರ. ಸಂಜೆ ಹಾಲಿನ ಡೇರಿ ಮುಂದೆ ಕ್ಯಾನು ಇಟ್ಟವರೆಲ್ಲ ಅಲ್ಲೇ ನಿಲ್ಲತೊಡಗಿದರು. ಬೋರ್‌ವೆಲ್ ಬತ್ತುತ್ತದೆ ಎಂದರು, ಚರಂಡಿ ಉಕ್ಕುತ್ತದೆ ಎಂದರು, ಮಹಡಿ ಮೇಲಿಂದ ನಮ್ಮ ಬಚ್ಚಲು ಕಾಣುತ್ತದೆ ಎಂದರು. ಇವರಿಗೆಲ್ಲ ಮುಂದಾಳು ರಿಟೈರಾದ ಮೇಷ್ಟ್ರು ಮುರಳಿಮೋಹನ್. ಅವರ ಕೈಗೆ ಸಿಕ್ಕ ದೊಡ್ಡ ಅಸ್ತ್ರ ಚಿಕ್ಕವೆಂಕಟಮ್ಮನ ಹುಳು.

ಅದರಲ್ಲಿ ಸುಳ್ಳಿರಲಿಲ್ಲ. ಹುಳು ಗೂಡು ಕಟ್ಟುವಾಗ ಗಾಳಿ ಆಡಲೇಬೇಕು. ಅವಳ ಹುಳುಮನೆಗೆ ಗಾಳಿ ಬರುತ್ತಿದ್ದದ್ದೇ ಪಡುವಣದಿಂದ. ಅಲ್ಲಿ ಗೋಡೆ ಎದ್ದರೆ ಗೂಡು ನೀರು ನೀರಾಗುತ್ತದೆ, ನೂಲು ಬಿಚ್ಚದು, ಮಾರುಕಟ್ಟೆಯಲ್ಲಿ ಯಾರೂ ಮುಟ್ಟರು. ಗಂಡ ಹೋದ ಮೇಲೂ ಅವಳು ಯಾರ ಮುಂದೆಯೂ ಕೈ ಚಾಚದೆ ಬದುಕಿದ್ದು ಆ ಹುಳುಮನೆಯಿಂದ. ಅದು ಮುಚ್ಚಿದರೆ ಅವಳು ಮಗನ ಮನೆಯ ಮೂಲೆಯಲ್ಲಿ ಕೂತ ಮುದುಕಿ, ಅಷ್ಟೆ.

"ಹೆದರಬ್ಯಾಡಮ್ಮ," ಎಂದರು ಮೇಷ್ಟ್ರು. "ನಿನ್ನ ಹುಳದ ಪರ ಇಡೀ ಬೀದಿ ನಿಂತೈತೆ."

ವರಲಕ್ಷ್ಮಿ ಒಬ್ಬಳು ಮಾತ್ರ ಕಟ್ಟುವವರ ಕಡೆ ನಿಂತಳು. ಕಟ್ಟಡದಲ್ಲಿ ಚೆನ್ನರಾಯಪ್ಪನ ಪಾಲಿಗೆ ಬರುವ ಮನೆಗಳಲ್ಲಿ ಒಂದನ್ನು ಅವಳಿಗೆ ಬಾಡಿಗೆಗೆ ಕೊಡುತ್ತೇನೆಂದು ಅವನು ಹೇಳಿದ್ದ.

"ಕಟ್ಟಲಿ ಬಿಡಿ ಮೇಷ್ಟ್ರೇ. ಮನೆ ಇಲ್ದೋರಿಗೆ ಮನೆ ಆಗ್ತದೆ," ಎಂದಳು ಒಂದು ಸಂಜೆ.

"ನೀನು ಹೇಳ್ದೆ ಇನ್ಯಾರು ಹೇಳ್ತಾರೆ. ನಿಮ್ಮಂಥೋರೆಲ್ಲಾ ಬಂದು ಸೇರ್ಕಂಡ್ರೆ ಬೀದಿ ಬೀದಿನೇ ನಾರ್ತದೆ!"

"ಅಯ್ಯೋ ದೇವುಡಾ! ನಿಮ್ಮ ಮಗಳ ಮದುವೇಲಿ ನಿಮ್ಮ ಯಜಮಾನಿ ರೇಷ್ಮೆ ಸೀರೆ ಉಟ್ಟಿದ್ರಲ್ಲ ಮೇಷ್ಟ್ರೇ, ಅದೂ ನಾರ್ತಿತ್ತಾ?"

ಡೇರಿ ಮುಂದೆ ನಿಂತವರೆಲ್ಲ ನಕ್ಕರು. ಮೇಷ್ಟ್ರು ಕ್ಯಾನು ಎತ್ತಿಕೊಂಡು ಹೋದರು. ಚಿಕ್ಕವೆಂಕಟಮ್ಮ ನಗಲಿಲ್ಲ. ತನ್ನ ಕೈಯ ಬೆಲ್ಲ ತಿಂದವಳು ತನ್ನ ಗಾಳಿಗೇ ಅಡ್ಡ ನಿಂತಳಲ್ಲ ಎಂದು ಅವಳಿಗೆ ಸಿಟ್ಟು ಬಂತು. ಮಾರನೆಯ ರಜೆಗೆ ವರಲಕ್ಷ್ಮಿ ಮಿಂದು ಬಂದಾಗ, "ಇವತ್ತು ಕೆಲಸ ಇಲ್ಲ," ಎಂದು ಬಾಗಿಲಿನಿಂದಲೇ ಕಳಿಸಿದಳು. ಒಳಗೆ ಹೆಚ್ಚದ ಸೊಪ್ಪು ರಾಶಿ ಬಿದ್ದಿತ್ತು.

ಅಧಿಕಾರಿಗಳು ತಕರಾರು ಕೇಳುವ ದಿನ ಬಂತು. ಊರ ಸಮುದಾಯ ಭವನದಲ್ಲಿ ಸಭೆ. ಹುಳು ಹಣ್ಣಾಗಲು ಇನ್ನೂ ಸಮಯವಿದೆ ಎಂದು ಚಿಕ್ಕವೆಂಕಟಮ್ಮ ಲೆಕ್ಕ ಹಾಕಿದ್ದಳು. ಆದರೆ ಎರಡು ದಿನದಿಂದ ಬಿಸಿಲು ಏರಿತ್ತು. ಬೆಳಿಗ್ಗೆ ಹುಳುಮನೆಗೆ ಕಾಲಿಟ್ಟರೆ ಸದ್ದೇ ಇಲ್ಲ. ಸೊಪ್ಪು ತಿನ್ನುವ ಹುಳು ಮಳೆ ಬಿದ್ದ ಹಾಗೆ ಸದ್ದು ಮಾಡುತ್ತದೆ. ಹಣ್ಣಾದ ಹುಳು ತಿನ್ನುವುದಿಲ್ಲ. ಮೈ ಗಾಜಿನಂತಾಗಿ, ಕತ್ತು ಆಡಿಸುತ್ತ, ಬಾಯಿಂದ ಎಳೆ ಬಿಡುತ್ತ ಹುಳುಗಳು ತಟ್ಟೆಯ ಅಂಚಿಗೆ ಹರಿಯುತ್ತಿದ್ದವು. ಹೊತ್ತು ಮೀರುವುದರೊಳಗೆ ಅವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ ಬಿಡಬೇಕು. ಇಲ್ಲದಿದ್ದರೆ ಕಸದಲ್ಲೇ ಸುತ್ತಿಕೊಂಡು ಹಾಳಾಗುತ್ತವೆ.

ಮಗ ಸೊಸೆಯನ್ನು ಬಾಣಂತನಕ್ಕೆ ನಗರಗೆರೆಗೆ ಬಿಡಲು ಹೋಗಿದ್ದ. ಹಾಗೆಂದು ಚಿಕ್ಕವೆಂಕಟಮ್ಮ ಹೆದರಲಿಲ್ಲ. ಆ ಬೀದಿಯಲ್ಲಿ ಯಾರನ್ನೂ ಕರೆಯಬೇಕಿರಲಿಲ್ಲ. ಮನೆ ಮುಂದೆ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿದರೆ ಸಾಕು, ಈ ಮನೆಯಲ್ಲಿ ಹುಳು ಹಣ್ಣಾಗಿದೆ ಎಂದು ಎಲ್ಲರಿಗೂ ಗೊತ್ತು. ಕೈ ತೊಳೆದು ತಾವೇ ಬರುತ್ತಿದ್ದರು. ಇವಳೂ ಹಾಗೆಯೇ ಎಲ್ಲರ ಮನೆಗೂ ಹೋದವಳು. ಚಂದ್ರಿಕೆಗಳನ್ನು ಎಳೆದು ತಂದು ಗೋಡೆಗೆ ಒರಗಿಸಿದಳು. ಕಾದಳು. ಒಬ್ಬರೂ ಬರಲಿಲ್ಲ.

ಆಗ ನೆನಪಾಯಿತು. ಬೀದಿಗೆ ಬೀದಿಯೇ ಮೇಷ್ಟ್ರ ಹಿಂದೆ ಸಭೆಗೆ ಹೋಗಿತ್ತು, ಅವಳ ಹುಳುವಿನ ಪರ ಮಾತಾಡಲು.

ಒಬ್ಬಳೇ ಆರಿಸತೊಡಗಿದಳು. ಒಂದು ತಟ್ಟೆ ಮುಗಿಸುವುದರೊಳಗೆ ಇನ್ನೊಂದರಲ್ಲಿ ಹುಳುಗಳು ಮೂಲೆ ಹುಡುಕಿ ಎಳೆ ಸುತ್ತುತ್ತಿದ್ದವು. ಕಣ್ಣು ಮಂಜಾಯಿತು. ಬೆವರೋ ಕಣ್ಣೀರೋ ಅವಳಿಗೇ ತಿಳಿಯಲಿಲ್ಲ.

"ಅಕ್ಕಾ! ಚಂದ್ರಿಕೆ ಹೊರಗವೆ, ಒಳಗೆ ಜನಾನೇ ಇಲ್ಲ?"

ಗೇಟಿನ ಆಚೆ ವರಲಕ್ಷ್ಮಿ. ಹೊಸ ಸೀರೆ, ತಲೆಯಲ್ಲಿ ಕನಕಾಂಬರ. ಅರ್ಧ ದಿನದ ಕೆಲಸ ಮುಗಿಸಿ, ಕಟ್ಟಡದ ಪರ ಮಾತಾಡಲು ಸಭೆಗೆ ಹೊರಟಿದ್ದಳು.

"ಎಲ್ಲಾ ನನ್ನ ಹುಳಕ್ಕೆ ನ್ಯಾಯ ಕೇಳಕ್ಕೆ ಹೋಗವ್ರೆ ಕಣೇ," ಎಂದಳು ಚಿಕ್ಕವೆಂಕಟಮ್ಮ. "ಹುಳ ಇಲ್ಲಿ ಸಾಯ್ತಾ ಅವೆ. ನೀನೂ ಹೋಗು, ಹೊತ್ತಾಯ್ತು ನಿಂಗೆ."

ವರಲಕ್ಷ್ಮಿ ರಸ್ತೆಯ ಕಡೆ ನೋಡಿದಳು, ಚಂದ್ರಿಕೆಗಳ ಕಡೆ ನೋಡಿದಳು. "ಬಚ್ಚಲಲ್ಲಿ ನೀರೈತಾ? ನಿಮ್ಮದೊಂದು ಹಳೆ ಸೀರೆ ಕೊಡಿ."

ಮಿಂದಳು. ಕಿತ್ತ ಕನಕಾಂಬರ ಬೇಲಿಯ ಮೇಲಿತ್ತು. ಬಾಗಿಲಲ್ಲಿ ರೋಗ ತಡೆಯಲು ಹರಡಿದ್ದ ಸುಣ್ಣದ ಪುಡಿಯ ಮೇಲೆ ಕಾಲಿಟ್ಟು ಒಳಗೆ ಬಂದಳು. ಅವಳ ಕೈ ಓಡುವುದನ್ನು ನೋಡಬೇಕಿತ್ತು. ಬಿಸಿನೀರಿನಲ್ಲಿ ಕಾಣದ ಎಳೆ ಹುಡುಕುವ ಬೆರಳುಗಳು ಹಣ್ಣು ಹುಳುವನ್ನು ಹೂವು ಬಿಡಿಸಿದ ಹಾಗೆ ಬಿಡಿಸಿಕೊಂಡವು. ವರಲಕ್ಷ್ಮಿ ಬಾಯಿ ಮುಚ್ಚಿದ್ದನ್ನು ಚಿಕ್ಕವೆಂಕಟಮ್ಮ ಕಂಡಿದ್ದು ಆವತ್ತೊಂದೇ ದಿನ.

ಕೆಲಸ ಹದಕ್ಕೆ ಬಂದ ಮೇಲೆ ಚಿಕ್ಕವೆಂಕಟಮ್ಮ ಕೇಳಿದಳು: "ಅದ್ಯಾಕೆ ನಿಂಗೆ ಆ ಮನೆ ಮ್ಯಾಲೆ ಅಷ್ಟು ಆಸೆ?"

"ಗಿರಣಿ ಹಿಂದೆ ಇರೋದು ಒಂದೇ ರೂಮು ಅಕ್ಕಾ. ನನ್ನ ಸೀರೆ ಅಲ್ಲೇ, ಮಗೂದು ಬಟ್ಟೆನೂ ಅಲ್ಲೇ. ಚೈತನ್ಯ ಕಾಲೇಜು ಯೂನಿಫಾರಮ್ಮು ಮನೇಲಿ ಇಟ್ಕಳಲ್ಲ. ಗೆಳತಿ ಮನೇಲಿ ನೇತಾಕಿರ್ತಾಳೆ, ಅಲ್ಲಿಗೆ ಹೋಗಿ ಹಾಕ್ಕಂಡು ಹೋಗ್ತಾಳೆ. ನಂಗೆ ಹೇಳಿಲ್ಲ, ನಾನೂ ಕೇಳಿಲ್ಲ. ಅವಳಿಗೆ ಅಂತ ಬಾಗ್ಲು ಹಾಕ್ಕಳೋ ಒಂದು ರೂಮು ಬೇಕು, ಅಷ್ಟೇಯ."

ಮೊದಲ ದಿನ ತಾನು ಗೇಟಿನಲ್ಲಿ ಮೂಗು ಮುಚ್ಚಿಕೊಂಡದ್ದು ಚಿಕ್ಕವೆಂಕಟಮ್ಮನಿಗೆ ನೆನಪಾಯಿತು. ಕೊನೆಯ ತಟ್ಟೆಯನ್ನು ತಾನೇ ಆರಿಸುತ್ತೇನೆಂದು ವರಲಕ್ಷ್ಮಿಯನ್ನು ಕೂರಿಸಿ ಮುದ್ದೆ ಬಡಿಸಿದಳು.

ಸಾಯಂಕಾಲ ಬೀದಿಯವರು ವಾಪಸು ಬಂದರು. ಸ್ಥಳ ನೋಡಿ ಆಮೇಲೆ ತೀರ್ಮಾನ ಹೇಳುತ್ತೇವೆಂದು ಅಧಿಕಾರಿಗಳು ಅಂದರಂತೆ. ಚಂದ್ರಿಕೆಗಳಲ್ಲಿ ಹುಳುಗಳು ಆಗಲೇ ಗೂಡು ಹೆಣೆಯುತ್ತಿದ್ದವು.

ಸ್ಥಳ ನೋಡಲು ಅವರು ಬಂದ ದಿನ ಮೇಷ್ಟ್ರು ಚಿಕ್ಕವೆಂಕಟಮ್ಮನನ್ನು ಮುಂದೆ ನಿಲ್ಲಿಸಿದರು. "ಹೇಳಮ್ಮಾ, ಹೆದರಬ್ಯಾಡ."

"ನಿಮ್ಮ ತಕರಾರೇನಮ್ಮ?" ಎಂದು ಅಧಿಕಾರಿ ಕೇಳಿದರು.

"ಕಟ್ಟಲಿ ಸ್ವಾಮಿ," ಎಂದಳು ಅವಳು. "ನನ್ನ ಗೋಡೆಗೆ ಅಂಟಿಸಿ ಮಾತ್ರ ಬ್ಯಾಡ. ತೋಟದಾಗಿರೋ ಆ ಬಾವಿಕಟ್ಟೆ ತನಕ ಜಾಗ ಬಿಡಲಿ, ನಂಗೆ ಗಾಳಿ ಬರ್ತದೆ. ಬಿಟ್ಟ ಜಾಗದಲ್ಲಿ ಹಿಪ್ಪುನೇರಳೆ ಹಂಗೇ ಇರಲಿ. ಗಿಡಕ್ಕೆ ಔಷಧಿ ಹೊಡೀಬಾರ್ದು, ಸೊಳ್ಳೆ ಹೊಗೆ ಬಿಡಬಾರ್ದು." ಆಮೇಲೆ ಚೆನ್ನರಾಯಪ್ಪನ ಕಡೆ ತಿರುಗಿದಳು. "ಮೊದಲ ಬಾಡಿಗೆ ಮನೆ ಯಾರಿಗೆ ಅಂದಿದ್ದೆ ಅಣ್ಣಾ? ಇವ್ರ ಮುಂದೆ ಇನ್ನೊಂದು ಸಲ ಹೇಳು."

ಚೆನ್ನರಾಯಪ್ಪ ಟವಲು ಹೆಗಲಿನಿಂದ ಹೆಗಲಿಗೆ ಬದಲಿಸಿದ. "ವರಲಕ್ಷ್ಮಿಗೆ. ಅಂದಿದ್ದೀನಲ್ಲಮ್ಮ. ಬಾವಿಕಟ್ಟೆ ತನಕ ಅಂದ್ರೆ ಮನೆಗಳೇ ಕಮ್ಮಿ ಆಗೋಯ್ತವಲ್ಲ!"

"ಕಮ್ಮಿ ಆಗಲಿ ಬಿಡು. ನಂಗೂ ಒಂದಿಷ್ಟು ಬಿಸಿಲು ಕಮ್ಮಿ ಆಯ್ತದೆ."

ಮೇಷ್ಟ್ರು ಕೋಪದಿಂದ ಕೆಂಪಾದರು. "ನಿನಗೋಸ್ಕರ ಗಂಟಲು ಹರ್ಕಂಡೆನಲ್ಲಮ್ಮಾ!"

"ಹೌದು ಮೇಷ್ಟ್ರೇ, ಅದನ್ನ ಸಾಯೋತನಕ ಮರೆಯಲ್ಲ. ಆದ್ರೆ ಆವತ್ತು ಹುಳ ಹಣ್ಣಾದಾಗ ಬಂದಿದ್ದು ಒಬ್ಬಳೇಯ."

ಮೇಷ್ಟ್ರು ಬಹಳ ದಿನ ಮಾತು ಬಿಟ್ಟರು. ಮುಂದಿನ ಬೆಳೆಗೆ ಚಂದ್ರಿಕೆ ಒರಗಿಸಿದ ದಿನ ಮಾತ್ರ ಎಲ್ಲರಿಗಿಂತ ಮೊದಲು ಕೈ ತೊಳೆದುಕೊಂಡು ಬಂದರು. ಮಾತಾಡದೆಯೇ ಆರಿಸಿಕೊಟ್ಟು ಹೋದರು.

ಒಪ್ಪಿಗೆ ಬಂತು. ಬಾವಿಕಟ್ಟೆ ತನಕ ಜಾಗ ಬಿಟ್ಟೇ ಕಟ್ಟಿದರು. ಸಂಜೆ ಬಿಸಿಲು ಈಗ ಅಂಗಳಕ್ಕೆ ಬೇಗ ತಪ್ಪುತ್ತದೆ, ಅದು ನಿಜ. ಚಂದ್ರಿಕೆ ಒಣಗಿಸಲು ಚಿಕ್ಕವೆಂಕಟಮ್ಮ ಕಟ್ಟಡದ ತಾರಸಿಗೆ ಹೋಗುತ್ತಾಳೆ. ಹೊತ್ತುಕೊಂಡು ಹತ್ತುವವಳು ಚೈತನ್ಯ. ಆದರೆ ಗಾಳಿ ಬರುತ್ತದೆ. ಹೋದ ಬೆಳೆಯ ಗೂಡನ್ನು ಮಾರುಕಟ್ಟೆಯಲ್ಲಿ ಕೈಗೆತ್ತಿಕೊಂಡವರು ಕೆಳಗಿಡಲಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ಅವಳು ಮೊದಲು ಗಂಡನನ್ನು ನೆನೆಯುತ್ತಾಳೆ, ಆಮೇಲೆ ಬೀದಿಯವರನ್ನೆಲ್ಲ. ವರಲಕ್ಷ್ಮಿಯನ್ನು ನೆನೆಯಬೇಕಾಗಿಲ್ಲ, ಅವಳ ದನಿ ಕೇಳಿಸುತ್ತಲೇ ಇರುತ್ತದೆ.

ಕಟ್ಟಡಕ್ಕೆ ಬಂದ ಹೊಸಬರಿಗೆ ಮೊದಮೊದಲು ಏನೂ ತಿಳಿಯುತ್ತಿರಲಿಲ್ಲ. ವರಲಕ್ಷ್ಮಿ ಮೆಟ್ಟಿಲ ಬುಡದಲ್ಲಿ ನಿಂತು, "ಪಕ್ಕದ ಮನೆಯೋರಿಗೆ ಜ್ವರ! ಯಾರೂ ಊದುಬತ್ತಿ ಹಚ್ಚಬ್ಯಾಡಿ!" ಎಂದು ಕೂಗಿದಾಗ ಒಬ್ಬ ಹೆಂಗಸು ಪಾಪ, ಮಾತ್ರೆ ಹಿಡಿದುಕೊಂಡು ಚಿಕ್ಕವೆಂಕಟಮ್ಮನ ಬಾಗಿಲಿಗೇ ಬಂದಿದ್ದಳು. ಅವಳಿಗೆ ಹುಳು ತೋರಿಸಿ, ನೀರು ಬೆಲ್ಲ ಕೊಟ್ಟು ಕಳಿಸಿದ್ದಾಯಿತು.

ಇವತ್ತು ಬೆಳಿಗ್ಗೆ ಚಿಕ್ಕವೆಂಕಟಮ್ಮ ಸೊಪ್ಪು ತರಲು ಹೊರಟಿದ್ದಳು. ಮೇಲಿನ ಬಾಲ್ಕನಿಯಲ್ಲಿ ಒಂದು ಯೂನಿಫಾರಮ್ಮು ಗಾಳಿಗೆ ಆಡುತ್ತಿತ್ತು. ಅದರ ಪಕ್ಕದಿಂದ ವರಲಕ್ಷ್ಮಿ ಬಗ್ಗಿದಳು, ಕೈಯಲ್ಲಿ ಸೌಟು.

"ಅಕ್ಕಾ, ಹುಳ ಜ್ವರದಿಂದ ಎದ್ದವಾ? ಒಗ್ಗರಣೆ ಹಾಕ್ಲಾ?"