ಜಮ್ಮ ಇಲ್ಲದವಳ ಕೋವಿ

ಆಗ ಕೊಡಗು ಬೇರೆ ರಾಜ್ಯ. ಮಡಿಕೇರಿಯಲ್ಲೇ ಸರ್ಕಾರ, ಮಡಿಕೇರಿಯಲ್ಲೇ ಮಂತ್ರಿ. ಸರ್ಕಾರ ಹತ್ತಿರ ಇದ್ದರೆ ಬಡವರಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಿದ್ದರು. ನಮ್ಮೂರು ಗಾಳಿಬೀಡಿನಿಂದ ಕೆಳಗೆ ಇಳಿದು ಹೋದರೆ ಸಿಗುತ್ತದೆ. ಹೆಸರು ಹೇಳುವುದಿಲ್ಲ, ಈ ಕತೆಯಲ್ಲಿ ಬರುವವರ ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ಅಲ್ಲಿಂದ ಸರ್ಕಾರಕ್ಕೆ ಒಂದು ಬೆಳಗಿನ ನಡಿಗೆ. ನಡೆದು ನಡೆದು ನನ್ನ ಕಾಲು ಸವೆಯಿತು, ಅಷ್ಟೇ.

ನಮ್ಮ ಮನೆಯ ಕೋವಿ ಜೋಡುನಳಿಗೆಯದು. ಮಾವ ರೈಟರಾಗಿದ್ದ ಎಸ್ಟೇಟಿನ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಾಗ ಮಾವನ ಕೈಗೆ ಕೊಟ್ಟು ಹೋದದ್ದು. ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದರು. ಹಳೆಯ ಜಮ್ಮದ ಗದ್ದೆ ದೊಡ್ಡವನಿಗೆ, ಅಂದರೆ ನನ್ನ ಭಾವನಿಗೆ ಹೋಯಿತು. ನನ್ನ ಗಂಡನಿಗೆ ಕಾಡಿನ ಅಂಚಿನ ಗದ್ದೆ, ಒಂದು ಹುಲ್ಲಿನ ಮನೆ, ಮುದುಕಿ ಅತ್ತೆ ಮತ್ತು ಈ ಕೋವಿ. ಕಾಡಿನ ಬಾಯಲ್ಲಿ ಕೂರುವವನಿಗೆ ಕೋವಿ ಇರಲಿ ಅಂತ ಪಂಚಾಯ್ತಿಗೆ ಬಂದವರೇ ಹೇಳಿದ್ದು. ಭಾವನೂ ತಲೆಯಾಡಿಸಿದ.

ನಮ್ಮ ಕಡೆ ಕೋವಿಯ ಕಾನೂನು ಬೇರೆ ಊರಿನಂತೆ ಅಲ್ಲ. ಕೊಡವರಿಗೆ ಹುಟ್ಟಿನಿಂದಲೇ ಕೋವಿ, ಲೈಸೆನ್ಸ್ ಬೇಡ. ಅರಸರ ಕಾಲದಿಂದ ಬಂದ ಜಮ್ಮದ ಭೂಮಿ ಇಟ್ಟುಕೊಂಡವರಿಗೂ ಬೇಡ. ನಾವು ಗೌಡರು, ನಮ್ಮಲ್ಲಿ ಜಮ್ಮ ಇದ್ದವರಿಗೆ ಉಂಟು, ಇಲ್ಲದವರಿಗೆ ಇಲ್ಲ. ನಮ್ಮ ಕಾಡಂಚಿನ ಗದ್ದೆ ಜಮ್ಮವಲ್ಲ, ಮಾವ ಆಮೇಲೆ ಕಡಿದು ಮಾಡಿದ್ದು. ಹಾಗೆ ನೋಡಿದರೆ ಪಾಲಾದ ದಿನದಿಂದಲೇ ನಮ್ಮ ಕೋವಿಗೆ ಕಾಗದ ಬೇಕಿತ್ತು. ಇವರು ಬದುಕಿರುವಾಗ ಯಾರೂ ಕೇಳಲಿಲ್ಲ. ಗಂಡಸಿನ ಹೆಗಲ ಮೇಲೆ ಇದ್ದರೆ ಕೋವಿ ಕಾನೂನಿನ ಕಣ್ಣಿಗೆ ಕಾಣುವುದಿಲ್ಲ.

ಇವರು ಜ್ವರ ಬಂದು ಸತ್ತರು. ಮಳೆ ಹಿಡಿಯುವುದಕ್ಕೆ ಸ್ವಲ್ಪ ಮೊದಲು. ನಮ್ಮಲ್ಲಿ ಸಾವಾದರೆ ಅಂಗಳದಲ್ಲಿ ನಿಂತು ಬೆನ್ನು ಬೆನ್ನಿಗೆ ಎರಡು ಗುಂಡು ಹಾರಿಸಬೇಕು. ಅದು ಕಿವಿಗೆ ಬಿದ್ದರೆ ಊರಿನವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು. ಗಂಡು ಹುಟ್ಟಿದರೆ ಒಂದೇ ಗುಂಡು. ಹೆಣ್ಣಿಗೆ ಗುಂಡಿಲ್ಲ, ನನ್ನ ಮಗಳು ಹುಟ್ಟಿದ ದಿನ ಆ ಕೋವಿ ಗೋಡೆಯಲ್ಲೇ ಇತ್ತು. ಇವರು ಸತ್ತಾಗ ಎರಡು ಗುಂಡು ಹಾರಿಸಿದ್ದು ಭಾವ. ಹಾರಿಸಿ ಕೋವಿಯನ್ನು ಗೋಡೆಗೆ ಒರಗಿಸಿ ಇಡಲಿಲ್ಲ, ಕೈಯಲ್ಲೇ ಹಿಡಿದುಕೊಂಡಿದ್ದ. ಹೆಣ ಎತ್ತುವಾಗ ನಾನೇ ಹೋಗಿ ಅವನ ಕೈಯಿಂದ ತೆಗೆದುಕೊಂಡೆ. ಅಳುವವಳು ಇದನ್ನು ಹೇಗೆ ನೋಡಿದಳು ಅಂತ ಹೆಂಗಸರು ಆಡಿಕೊಂಡರಂತೆ. ಅಳುವವಳಿಗೂ ಕಣ್ಣು ಇರುತ್ತದೆ.

ತಿಥಿ ಮುಗಿದ ಮೇಲೆ ಭಾವ ಬಂದ.

"ಕೋವಿ ಕೊಡು. ನಿಂಗೆ ಜಮ್ಮ ಇಲ್ಲೆ. ಮನೇಲಿ ಇಟ್ಟರೆ ಕೇಸಾದೀತು."

"ಹಂದಿ ಬಂದರೆ?"

"ನಾನಿಲ್ವಾ? ನಾನು ಬಂದು ಹೊಡೀತೇನೆ."

"ನಿಮ್ಮ ಗದ್ದೆಗೇ ಹಂದಿ ಬಂದಾಗ ನೀವು ಕಂಬಳಿ ಬಿಟ್ಟು ಎದ್ದಿಲ್ಲ ಭಾವ. ನಮ್ಮವರೇ ಬಂದು ಹೊಡೆದದ್ದು."

ಆಗ ನಾನು ಅವನಿಗೆ ಬಹುವಚನ ಹಾಕುತ್ತಿದ್ದೆ. ಈಗ ಹಾಕುವುದಿಲ್ಲ.

ಅವನಿಗೆ ಬೇಕಾಗಿದ್ದದ್ದು ಕೋವಿಯೊಂದೇ ಅಲ್ಲ. ಕೋವಿ ಹೋದರೆ ಆ ಗದ್ದೆಯಲ್ಲಿ ಒಂದು ತೆನೆ ಉಳಿಯುವುದಿಲ್ಲ. ತೆನೆ ಉಳಿಯದಿದ್ದರೆ ನಾನು ಮಗಳನ್ನು ಕಟ್ಟಿಕೊಂಡು ತವರಿಗೆ ಹೋಗಬೇಕು, ಇಲ್ಲವೇ ಯಾವುದಾದರೂ ಎಸ್ಟೇಟಿನ ಕೂಲಿಯವರ ಲೈನು ಮನೆ ಸೇರಬೇಕು. ಗದ್ದೆ ಅವನ ಕೈಗೆ ಹೋಗುತ್ತದೆ. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನಾನು ಕೊಡಲಿಲ್ಲ. ಮಾರನೇ ವಾರ ಪಟೇಲ ಬಂದು ಜಗಲಿಯಲ್ಲಿ ಕೂತ. ಭಾವನ ಜೊತೆ ಇಸ್ಪೀಟು ಆಡುವವನು. "ಲೈಸೆನ್ಸಿಗೆ ಅರ್ಜಿ ಹಾಕಮ್ಮ. ಅಲ್ಲಿವರೆಗೆ ಕೋವಿ ಠಾಣೆಯಲ್ಲಿ ಇಡು" ಅಂದ.

ಅರ್ಜಿ ಹಾಕಿದೆ. ಮಡಿಕೇರಿ ಕಚೇರಿಯ ಹೊರಗೆ ಮರದಡಿ ಕೂತು ಬರೆದು ಕೊಡುವವನು ಬರೆದ. ಒಳಗೆ ಗುಮಾಸ್ತ ಓದಿ ನಕ್ಕ, ಪಕ್ಕದ ಗುಮಾಸ್ತನನ್ನೂ ಕರೆದು ನಗಿಸಿದ.

"ಕೋವಿ ಯಾರು ಹಾರಿಸುವುದಮ್ಮ?"

"ನಾನೇ."

"ಹೆದರಿಕೆ ಆಗುವುದಿಲ್ವಾ?"

"ಹಂದಿಗೆ ಆಗ್ತದೆ."

ಸಾಹೇಬರು ಕಾಗದದಿಂದ ತಲೆ ಎತ್ತಲಿಲ್ಲ. ಪಟೇಲನ ಶಿಫಾರಸು ಬರಲಿ, ಆಮೇಲೆ ನೋಡುವ ಅಂದರು. ಪಟೇಲನ ಹತ್ತಿರ ಹೋದರೆ, ಮೇಲಿನಿಂದ ವಿಚಾರಣೆಗೆ ಕಾಗದ ಬರಲಿ ಅಂದ. ಮಳೆ ಹೊಯ್ಯುವಷ್ಟು ಕಾಲವೂ ಅವರಿಬ್ಬರ ನಡುವೆ ಕೊಡೆ ಹಿಡಿದು ನಡೆದೆ. ನಡುವೆ ನಾಟಿಯನ್ನೂ ಮಾಡಿದೆ.

ಕೋವಿ ಮಾತ್ರ ಠಾಣೆಗೆ ಕೊಡಲಿಲ್ಲ. ಠಾಣೆಗೆ ಹೋದ ಕೋವಿ ತುಕ್ಕು ಹಿಡಿದೇ ಈಚೆ ಬರುವುದು, ಬಂದರೆ. ತವರಿಗೆ ಕಳಿಸಿದೆ ಅಂತ ಪಟೇಲನಿಗೆ ಹೇಳಿದೆ. ನನ್ನ ತವರು ಸುಂಟಿಕೊಪ್ಪದ ಆಚೆ, ಅಣ್ಣನಿಗೆ ಜಮ್ಮ ಇತ್ತು, ಅವನ ಮನೆಯಲ್ಲಿ ಎಷ್ಟು ಕೋವಿ ಇದ್ದರೂ ಕೇಳುವವರಿಲ್ಲ. ಪಟೇಲ ನಂಬಿದ. ಸುಂಟಿಕೊಪ್ಪದವರೆಗೆ ಹೋಗಿ ನೋಡುವಷ್ಟು ಕಾಲು ಅವನಿಗೆ ಇರಲಿಲ್ಲ.

ಕೋವಿ ಇದ್ದದ್ದು ಅತ್ತೆಯ ಮಂಚದಲ್ಲಿ, ಚಾಪೆಯ ಅಡಿಯಲ್ಲಿ. ಅತ್ತೆಗೆ ಸೊಂಟ ಬಿದ್ದು ಎದ್ದು ನಡೆಯಲು ಆಗುತ್ತಿರಲಿಲ್ಲ, ಬಾಯಿ ಮಾತ್ರ ಎರಡಾಳಿನಷ್ಟು ನಡೆಯುತ್ತಿತ್ತು. "ನನ್ನ ಗಂಡ ತಂದದ್ದು, ನನ್ನ ಮಗ ಹಿಡಿದದ್ದು. ಯಾವ ಗಂಡಸು ಬಂದು ನನ್ನ ಚಾಪೆ ಎತ್ತುತ್ತಾನೆ ನೋಡುವ" ಅಂದರು. ಕೈಲ್ ಮುಹೂರ್ತದ ದಿನ ಎಲ್ಲರ ಮನೆಯಲ್ಲೂ ಕೋವಿಯನ್ನು ತೊಳೆದು ಹೂವಿಟ್ಟು ಪೂಜೆ ಮಾಡಿದರು. ನಮ್ಮ ಅತ್ತೆ ಚಾಪೆಯ ಅಡಿಗೆ ಕೈ ಹಾಕಿ ಒಂದು ಹೂ ತುರುಕಿದರು. ಆಮೇಲೆ ಹಂದಿಮಾಂಸ ಇಲ್ಲದ ಹಬ್ಬವೂ ಒಂದು ಹಬ್ಬವಾ ಅಂತ ನನಗೆ ಬೈದರು.

ತೆನೆಗೆ ಹಾಲು ತುಂಬುವಾಗ ಹಂದಿ ಬರುತ್ತದೆ. ಮೊದಲು ನಾನು ತಗಡು ಬಡಿದೆ, ಬೆಂಕಿ ಹಾಕಿದೆ. ಒಂದು ಮೂಲೆ ಹೋಯಿತು. ಮೂಲೆ ಅಂದರೆ ನಾಲ್ಕು ತೆನೆ ತಿಂದು ಹೋಗುವುದಲ್ಲ, ಹೊರಳಾಡಿ ನೆಲಕ್ಕೆ ಸಮ ಮಾಡಿ ಹೋಗುವುದು. ಮೂರು ಜನರ ಅನ್ನ ಕೆಸರಲ್ಲಿ ಬಿದ್ದಿತ್ತು. ಆವತ್ತು ಚಾಪೆಯ ಅಡಿಯಿಂದ ಕೋವಿ ತೆಗೆದೆ. ಹೊಡೆಯುವುದನ್ನು ಇವರು ಮದುವೆಯಾದ ಹೊಸದರಲ್ಲೇ ಕಲಿಸಿದ್ದರು, ಅವರಿಗೆ ಹಂದಿ ಕಾಯುವಾಗ ನಿದ್ದೆ ಬರುತ್ತಿತ್ತು.

ಸಂಜೆ, ಇನ್ನೂ ಬೆಳಕಿತ್ತು. ಒಂಟಿ ಹಂದಿ. ಬದುವಿನ ಮೇಲೆ ಬಂದು, ತನ್ನ ಅಪ್ಪನ ಗದ್ದೆ ಅನ್ನುವ ಹಾಗೆ ನಿಂತು ನೋಡಿತು. ಮೊದಲನೇ ಗುಂಡು ಭುಜಕ್ಕೆ ತಾಗಿತು, ಬೀಳಲಿಲ್ಲ, ನನ್ನ ಕಡೆಗೇ ತಿರುಗಿತು. ಹಾಗೆ ತಿರುಗಿದ ಹಂದಿಯ ಮುಂದೆ ನಿಂತು ಯಾರೂ ಊರಿನ ಪದ್ಧತಿ ಯೋಚನೆ ಮಾಡುವುದಿಲ್ಲ. ಕೋವಿಯ ಎರಡನೇ ಕುದುರೆ ಎಳೆದೆ. ಬಿತ್ತು.

ಕೆಸರಲ್ಲಿ ಕೂತು ಉಸಿರು ತೆಗೆದುಕೊಂಡೆ. ಸಂತೋಷವೇ ಆಯಿತು. ಇವರು ಸತ್ತ ಮೇಲೆ ಅದು ಮೊದಲ ಸಂತೋಷ, ಸ್ವಲ್ಪ ಹೊತ್ತಿನದು.

ಮೇಲೆ ನಮ್ಮ ಮನೆಯ ಕಡೆಯಿಂದ ಹೆಂಗಸಿನ ಅಳು ಕೇಳಿತು. ಆಮೇಲೆ ಇನ್ನೊಂದು. ತಲೆ ಎತ್ತಿ ನೋಡಿದರೆ ಓಣಿ ತುಂಬ ಜನ. ಯಾರ ತಲೆಯಲ್ಲೂ ರುಮಾಲಿಲ್ಲ, ಒಬ್ಬ ಆಗಲೇ ಗುದ್ದಲಿ ಹಿಡಿದು ಬಂದಿದ್ದ. ಆಗ ಹೊಳೆಯಿತು. ನಾನು ಬೆನ್ನು ಬೆನ್ನಿಗೆ ಎರಡು ಹಾರಿಸಿದ್ದೆ. ನಮ್ಮ ಮನೆಯಲ್ಲಿ ಸಾಯಲು ಬಾಕಿ ಇದ್ದದ್ದು ಒಬ್ಬರೇ.

ಕೋವಿಯನ್ನು ಗದ್ದೆಯಲ್ಲೇ ಬಿಟ್ಟು ಹೋಗಬಹುದಿತ್ತು. ಗಾಯದ ಹಂದಿಯ ಪಕ್ಕ ಕೋವಿ ಬಿಟ್ಟು ಹೋಗುವವರು ಯಾರು? ಹಿಡಿದುಕೊಂಡೇ ಹತ್ತಿದೆ. ನಾನು ಅಂಗಳ ಮುಟ್ಟುವಾಗ ಭಾವ ಎದೆ ಬಡಿದುಕೊಂಡು "ಅವ್ವಾ, ನನ್ನ ಬಿಟ್ಟು ಹೋದಿಯಾ" ಅಂತ ಒಳಗೆ ನುಗ್ಗುತ್ತಿದ್ದ. ಒಳಗಿನಿಂದ ಅತ್ತೆಯ ಮಾತು ಕೇಳಿತು.

"ಎಲ್ಲಿಗೆ ಹೋಗಲಿ ಮಗಾ, ಸೊಂಟ ಬಿದ್ದಿದೆ. ಬದುಕಿರುವಾಗ ಒಂದು ದಿನ ಈ ಕಡೆ ಬರಲಿಲ್ಲ, ಸತ್ತ ಕೂಡಲೇ ಓಡಿ ಬಂದಿಯಲ್ಲಾ. ಎಲೆಅಡಿಕೆ ತಂದಿದ್ದೀಯಾ?"

ಅಳುತ್ತಿದ್ದ ಹೆಂಗಸರು ಬಾಯಿ ಮುಚ್ಚಿದರು. ಯಾರೋ ಕಿಸಕ್ಕನೆ ನಕ್ಕರು. ಗುದ್ದಲಿ ತಂದವನು ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಅತ್ತೆ ಅದನ್ನೂ ನೋಡಿದರು. "ಅಡಗಿಸಬೇಡ, ಇನ್ನೊಮ್ಮೆ ತರುವ ಕೆಲಸ ತಪ್ಪುತ್ತದೆ, ಇಲ್ಲೇ ಇಟ್ಟು ಹೋಗು" ಅಂದರು. ಅಂಗಳವೆಲ್ಲ ನಕ್ಕಿತು.

ನಗದೆ ಇದ್ದವನು ಪಟೇಲ ಒಬ್ಬನೇ. ಅವನು ನನ್ನ ಕೈ ನೋಡುತ್ತಿದ್ದ.

"ಇದು ನಿನ್ನ ತವರಿಗೆ ಹೋಗಿತ್ತಲ್ವಾ?"

"ಹೋಗಿತ್ತು. ಬಂತು."

"ಕೊಡು ಇಲ್ಲಿ."

ಸುತ್ತ ಇಡೀ ಊರೇ ನಿಂತಿತ್ತು. ನಾಟಿಗೆ ನನ್ನ ಜೊತೆ ಕೈ ಹಾಕಿದವರು, ಇವರ ಹೆಣ ಹೊತ್ತವರು, ಇವರು ಹೊಡೆದ ಹಂದಿ ತಿಂದವರು. ಅವಳು ತನ್ನ ಗದ್ದೆ ಕಾದದ್ದು ಪಟೇಲರೇ, ಬಿಡಿ, ಅಂತ ಒಬ್ಬರ ಬಾಯಲ್ಲಾದರೂ ಬರುತ್ತದೆ ಅಂತ ಕಾದೆ. ಒಬ್ಬ ಬಾಯಿ ತೆರೆದ.

"ಹಂದಿ ಎಲ್ಲಿ ಬಿದ್ದಿದೆ?"

ಬೇಟೆಯಾದರೆ ಬಂದವರಿಗೆಲ್ಲ ಪಾಲು, ಅದು ನಮ್ಮ ಪದ್ಧತಿ. ಸಾವಿಗೆ ಬಂದವರಾದರೂ ಬಂದವರು ಬಂದವರೇ. ಹೊತ್ತು ತಂದರು, ಸುಟ್ಟು ಕೆರೆದರು, ಕಡಿದು ಬಾಳೆ ಎಲೆಯಲ್ಲಿ ಪಾಲು ಹಾಕಿದರು. ಅದೇ ಅಂಗಳದಲ್ಲಿ ಪಟೇಲ ಮಹಜರು ಬರೆಸಿದ. ಮಾಂಸದ ಕೈ ಒರೆಸಿಕೊಂಡು ಒಬ್ಬೊಬ್ಬರೇ ಬಂದು, ಇವಳ ಕೈಯಲ್ಲಿ ಕೋವಿ ಇದ್ದದ್ದು ನಿಜ ಅಂತ ಹೆಬ್ಬೆಟ್ಟು ಒತ್ತಿ ಹೋದರು. ನನ್ನ ಪಾಲನ್ನು ಜಗಲಿಯಲ್ಲಿ ಇಟ್ಟಿದ್ದರು. ಹೊಡೆದವರಿಗೆ ಹೆಚ್ಚಿನ ಪಾಲು, ಅದರಲ್ಲಿ ಮೋಸ ಮಾಡಲಿಲ್ಲ. ನ್ಯಾಯಸ್ಥರು.

ಅತ್ತೆ ಎರಡು ಸಲ ಹಾಕಿಸಿಕೊಂಡು ತಿಂದರು. ನಾನು ನನ್ನ ತಟ್ಟೆಯದನ್ನು ಮಗಳಿಗೆ ಕೊಟ್ಟೆ.

ಮಡಿಕೇರಿಯಲ್ಲಿ ವಿಚಾರಣೆ ಆಯಿತು. ಸಾಹೇಬರು ಈ ಸಲ ತಲೆ ಎತ್ತಿದರು. ಕೆಟ್ಟವರಲ್ಲ. ಕುರ್ಚಿ ಹಾಕಿಸಿದರು, ನಾನು ಕೂರಲಿಲ್ಲ.

"ಲೈಸೆನ್ಸ್ ಬರುವವರೆಗೆ ಕಾಯಬೇಕಿತ್ತಲ್ಲಮ್ಮ."

"ಹಂದಿಗೆ ಹೇಳಿದೆ ಸ್ವಾಮಿ. ಅದು ಅರ್ಜಿ ಹಾಕಿರಲಿಲ್ಲ."

"ಹೆಂಗಸರಿಗೆ ಕೊಡಬಾರದು ಅಂತ ಕಾನೂನಿಲ್ಲ. ನಿಮ್ಮ ಹೆಸರಲ್ಲಿ ಜಮ್ಮ ಇದ್ದಿದ್ದರೆ ನಿಮ್ಮನ್ನು ಯಾರೂ ಮುಟ್ಟುತ್ತಿರಲಿಲ್ಲ."

"ಜಮ್ಮದ ಮನೆಗೆ ಮದುವೆಯಾಗಿ ಬಂದವಳು ನಾನು. ಪಾಲು ಮಾಡಿದ್ದು ಗಂಡಸರು."

 ಅವರು ನನ್ನ ಮೇಲೆ ದಯೆ ಮಾಡಿದರು. ಹೆಂಗಸು, ವಿಧವೆ, ಬೆಳೆ ಕಾಯಲು ಹೊಡೆದದ್ದು ಅಂತ ಜೈಲು ಹಾಕಲಿಲ್ಲ. ಕೋವಿಯನ್ನು ಸರ್ಕಾರಕ್ಕೆ ಸೇರಿಸುವ ಬದಲು, ಮನೆತನದ ವಸ್ತು ಮನೆತನದಲ್ಲೇ ಇರಲಿ ಅಂತ, ಕಾನೂನಿನಂತೆ ಅರ್ಹತೆ ಇದ್ದವನಿಗೆ ಒಪ್ಪಿಸಿದರು. ಅರ್ಹತೆ ಇದ್ದವನು ಬಾಗಿಲ ಹೊರಗೆ ಹೊಸ ಕೋಟು ಹಾಕಿಕೊಂಡು ನಿಂತಿದ್ದ. ಮಡಿಕೇರಿಯಿಂದ ಊರಿನವರೆಗೂ ಭಾವ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಂದೆ ನಡೆದ. ದಾರಿ ಒಂದೇ, ನಾನು ಬೇರೆ ಹೇಗೆ ಹೋಗಲಿ?

ಊರಿನ ತಿರುವಿನಲ್ಲಿ ನಿಂತು ಹೇಳಿದ, "ಗದ್ದೆ ನಾನು ಕಾಯ್ತೇನೆ. ಬೆಳೆಯಲ್ಲಿ ಅರ್ಧ ಪಾಲು ಕೊಡು, ಸಾಕು."

"ಅರ್ಧ ನಿನಗೆ ಕೊಡುವ ಬದಲು ಪೂರಾ ಹಂದಿಗೆ ಕೊಡ್ತೇನೆ" ಅಂದೆ. ಏಕವಚನ ಆವತ್ತು ಶುರುವಾಯಿತು.

ಹೇಳಿದ ಹಾಗೇ ಆಯಿತು, ಹಂದಿಗಳು ಮಾತು ಉಳಿಸಿಕೊಂಡವು. ಪುತ್ತರಿ ಹಬ್ಬದಲ್ಲಿ ಊರಿಗೆಲ್ಲ ಹೊಸ ಅಕ್ಕಿ, ನಮ್ಮ ಮನೆಯಲ್ಲಿ ಅಂಗಡಿಯ ಅಕ್ಕಿ. ಅತ್ತೆಯನ್ನು ಕರೆದುಕೊಂಡು ಹೋಗಲು ಭಾವ ಬಂದ. ಅತ್ತೆ ಹೋಗಲಿಲ್ಲ. ನನ್ನ ಮೇಲೆ ಪ್ರೀತಿಯಿಂದ ಅಂತ ನಾನು ಹೇಳುವುದಿಲ್ಲ, ಅವನ ಹೆಂಡತಿಯ ಕೈಯ ಅಡುಗೆ ಅವರಿಗೆ ಸೇರುತ್ತಿರಲಿಲ್ಲ. ಮರುವರ್ಷ ಆ ಗದ್ದೆಗೆ ನಾನು ಬೀಜ ಹಾಕಲಿಲ್ಲ. ಅಲ್ಲಿ ಮುಳ್ಳು ಬಂತು, ಮುಳ್ಳಿನ ಹಿಂದೆ ಕಾಡು ಬಂತು. ನಾನು ಪಕ್ಕದ ಎಸ್ಟೇಟಿಗೆ ಕಾಪಿ ಪಿಕ್ಕಿಂಗಿಗೆ ಹೋದೆ. ಲೈನು ಮನೆಗೆ ಮಾತ್ರ ಹೋಗಲಿಲ್ಲ, ದಿನಾ ನಡೆದು ಹೋಗಿ ನಡೆದು ಬಂದೆ. ಮನೆ ಬಿಟ್ಟರೆ ಅವನು ಬಂದು ಕೂರುತ್ತಾನೆ.

ಕೊಡಗು ಮೈಸೂರಿಗೆ ಸೇರುವ ಮಾತು ಎಲ್ಲ ಕಡೆ ನಡೆಯುತ್ತಿದ್ದಾಗ, ಕಚೇರಿಗಳಲ್ಲಿ ಹಳೆಯ ಕಡತ ಮುಗಿಸುತ್ತಿದ್ದರೋ ಏನೋ, ಒಂದು ದಿನ ಜವಾನ ಹುಡುಕಿಕೊಂಡು ಬಂದ. ನನ್ನ ಲೈಸೆನ್ಸ್ ಆಗಿತ್ತು. ಮೊಹರು, ಸಹಿ ಎಲ್ಲ ಇತ್ತು.

"ಕೋವಿ ತೋರಿಸಿ ಅಕ್ಕ, ನಂಬರ್ ಬರೆದುಕೊಳ್ಳಬೇಕು."

"ಆ ಮನೆಯಲ್ಲಿದೆ" ಅಂತ ಭಾವನ ಮನೆ ತೋರಿಸಿದೆ.

ಹೋಗಿ ಬಂದ. "ಅದು ಜಮ್ಮದ ಕೋವಿಯಂತೆ. ಅವರು ಕೊಡುವುದಿಲ್ಲ ಅಂತಾರೆ. ನೀವು ಬೇರೆ ಕೋವಿ ತೆಗೆದುಕೊಂಡು ಅದರ ನಂಬರ್ ಇದಕ್ಕೆ ಬರೆಸಬೇಕು."

"ತೆಗೆದುಕೊಂಡು ಯಾವ ಗದ್ದೆ ಕಾಯಲಿ?"

ಅವನು ಸುತ್ತ ನೋಡಿದ. ಅಲ್ಲಿ ಗದ್ದೆ ಇತ್ತು ಅಂತ ಹೇಳಿದರೆ ಯಾರೂ ನಂಬುವ ಹಾಗಿರಲಿಲ್ಲ. ಪಾಪ, ಅವನದೇನು ತಪ್ಪು? ಬೆಲ್ಲದ ಕಾಪಿ ಕೊಟ್ಟೆ, ಕುಡಿದ. ಪಡೆದುಕೊಂಡದ್ದಕ್ಕೆ ಸಹಿ ಬೇಕು ಅಂದ. ಕೋವಿ ಇಲ್ಲದೆ ಕಾಗದ ಪಡೆದುಕೊಂಡೆ ಅಂತ ಸಹಿ ಹಾಕಿದರೆ ನಾಳೆ ಕೋವಿ ಎಲ್ಲಿ ಅಂತ ನನ್ನನ್ನೇ ಕೇಳುತ್ತಾರೆ. ಇಷ್ಟು ಕಾನೂನು ನನಗೂ ಬಂದಿತ್ತು. ತೆಗೆದುಕೊಂಡು ಹೋಗಪ್ಪ ಅಂದೆ. ಮನೆಯಲ್ಲಿ ಯಾರೂ ಸಿಗಲಿಲ್ಲ ಅಂತ ಬರೆದುಕೊಂಡು ಹೋದ.