ಸೋಮಣ್ಣನ ಮೂಗು

ಕಾರವಾರದ ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್ ಆಗಿರುವ ಅಂಕೋಲೆಯ ಸೋಮಣ್ಣನನ್ನು ಬಸ್ಸಿನಲ್ಲಿ ಯಾರಾದರೂ ಕೇಳಿದರೆ, ತಾನು ಬೆಳಕಿನಿಂದ ಪ್ಲಾಸ್ಟಿಕ್ ಹೆಣೆಯುವವನು ಎನ್ನುತ್ತಾನೆ. ಅದು ಪೂರ್ತಿ ಸುಳ್ಳೂ ಅಲ್ಲ. ಅಲ್ಲಿ ಸಂಶೋಧನೆ ಮಾಡುವ ನಿಶಾ ನೀರಿಗೆ ಕಣ್ಣಿಗೆ ಕಾಣದ ಕಣಗಳನ್ನು ಬೆರೆಸಿ ಹಸಿರು ದೀಪ ಹಚ್ಚಿದರೆ, ನೀರಿನಲ್ಲಿ ಕರಗಿಸಿಟ್ಟ ಅಣುಗಳು ಹತ್ತೇ ನಿಮಿಷದಲ್ಲಿ ಕೈಕೈ ಹಿಡಿದು ಪ್ಲಾಸ್ಟಿಕ್ಕಿನ ಸರಪಳಿಯಾಗುತ್ತವೆ. ದೀಪ ಆರಿಸಿದರೆ ಅಲ್ಲೇ ನಿಲ್ಲುತ್ತವೆ. ಆ ಹತ್ತು ನಿಮಿಷ ಸೋಮಣ್ಣ ಬಾಗಿಲಿಗೆ ಅಡ್ಡ ನಿಂತು ಪ್ರಿನ್ಸಿಪಾಲರನ್ನೂ ಒಳಗೆ ಬಿಡುವುದಿಲ್ಲ: "ಬಿಸ್ಲು ಒಳ್ಗೆ ಬಿತ್ತು ಅಂದ್ರೆ ಸರಪ್ಳಿ ಬೆಳೀತಾ ಕದ್ರಾ ಡ್ಯಾಮ್ ತನ್ಕ ಹೋಗ್ತದೆ ಸಾರ್, ಆಮೇಲೆ ಎಳ್ಕೊಂಡು ಬರೂರು ಯಾರು?" ಇಷ್ಟೆಲ್ಲ ಜಂಬದವನು ಮಧ್ಯಾಹ್ನ ಹೆಂಡತಿ ಬೊಮ್ಮಿ ಕಟ್ಟಿಕೊಟ್ಟ ಡಬ್ಬಿಯ ಮುಚ್ಚಳ ತೆಗೆದು ಮೊದಲು ನಿಶಾಳ ಮುಂದೆ ಹಿಡಿಯುತ್ತಾನೆ. "ಎಂತಾ ಪರಿಮಳ ಬಂತೆ ತಂಗಿ?" ನೀರಿನ ಈ ಕೆಲಸ ಬರುವ ಮೊದಲು, ಇಪ್ಪತ್ತು ವರ್ಷ ಘಾಟಿನ ದ್ರಾವಕಗಳ ಪಾತ್ರೆ ತೊಳೆದು ಅವನ ಮೂಗು ಸತ್ತುಹೋಗಿದೆ, ಬೊಮ್ಮಿಗೆ ಗೊತ್ತಾದರೆ ಅಡುಗೆಯ ಮೇಲಿನ ಅವಳ ಆಸೆಯೇ ಹೋದೀತೆಂದು ಹೆದರಿಕೆ. "ಸಾರಿಗೆ ಕೊತ್ತಂಬ್ರಿ ಹುರ್ದು ಹಾಕಿದ್ದಾರೆ ಸೋಮಣ್ಣ, ಘಮ್ ಅಂತದೆ," ಎಂದು ನಿಶಾ ಹೇಳಿದ್ದನ್ನು ಸಂಜೆ ಮನೆಯಲ್ಲಿ ಹಾಗೇ ಒಪ್ಪಿಸುತ್ತಾನೆ. "ನನ್ ಗಂಡನ ಮೂಗಿಗೆ ಎಂತದೂ ತಪ್ಪೂದಿಲ್ಲ," ಎಂದು ಬೊಮ್ಮಿ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ನಿಶಾ ರಜೆ ಹಾಕಿದ ದಿನ ಮಾತ್ರ ಸೋಮಣ್ಣ ಮಧ್ಯಾಹ್ನ ಉಪವಾಸ. ಡಬ್ಬಿಯನ್ನು ಹಾಗೇ ಮನೆಗೆ ತಂದು, "ಉಣ್ಣೂಕೆ ಪುರ್ಸೊತ್ತೇ ಆಗ್ಲಿಲ್ಲೆ ಬೊಮ್ಮಿ," ಎಂದು ಅವಳೆದುರೇ ಕೂತು, ಏನೇನು ಹಾಕಿ ಮಾಡಿದೆನೆಂದು ಅವಳೇ ಬಾಯಿಬಿಡುವವರೆಗೆ ಮೆಲ್ಲಗೆ ಜಗಿಯುತ್ತಿರುತ್ತಾನೆ.